ಬಾಂಬ್ ಶೆಲ್ಟರಿನ ಕಂಪ್ಯೂಟರಿಗೆ ವೈಫೈ ಹಾಕಿದ್ದು

ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ನಾವು ಫ್ಲಾಟ್ ಕೊಂಡ ವರ್ಷವೇ ನಾನು ಕಟ್ಟಡದ ಸಂಘದ ಕಮಿಟಿಗೆ ಆಯ್ಕೆಯಾದೆ. ನಿಜ ಹೇಳಬೇಕೆಂದರೆ ಆಗ ನನ್ನ ಬಾಯಿ ತುಂಬ ಬನ್ನು ಇತ್ತು.

ಇಲ್ಲಿ ಒಂದು ಕಟ್ಟಡದಲ್ಲಿ ಮನೆ ಕೊಂಡವರೆಲ್ಲ ಸೇರಿ ಒಂದು ಸಂಘ. ಛಾವಣಿ ಸೋರಿದರೂ, ಮೆಟ್ಟಿಲ ಮೇಲೆ ಹಿಮ ಕೂತರೂ, ಎಲ್ಲರೂ ಬಳಸುವ ಬಟ್ಟೆ ಒಗೆಯುವ ಮಷೀನು ಕೆಟ್ಟರೂ ನೋಡಿಕೊಳ್ಳಬೇಕಾದ್ದು ಸಂಘವೇ. ವಾರ್ಷಿಕ ಸಭೆಯ ಕರೆಯೋಲೆಯ ಕೊನೆಯಲ್ಲಿ ಫೀಕಾ ಇದೆ ಅಂತ ಬರೆದಿತ್ತು. ಫೀಕಾ ಎಂದರೆ ಕಾಫಿ ಮತ್ತು ಅದರ ಜೊತೆ ಕಡಿಯಲು ಏನಾದರೊಂದು. ಹೊಸಬರು, ಮುಖ ತೋರಿಸಿ ಬರೋಣ ಅಂದ ನನ್ನ ಗಂಡ. ಹೋದೆವು. ಏಲಕ್ಕಿ ಬನ್ನು ಬಹಳ ಚೆನ್ನಾಗಿತ್ತು. ನಾನು ಎರಡನೆಯದಕ್ಕೆ ಬಾಯಿ ಹಾಕಿದ ಹೊತ್ತಿಗೆ ಅಧ್ಯಕ್ಷರು ನನ್ನ ಹೆಸರು ಓದಿ, ಯಾರದ್ದಾದರೂ ವಿರೋಧ ಇದೆಯಾ ಅಂತ ಕೇಳಿದರು. ವಿರೋಧ ನನ್ನದೇ ಇತ್ತು. ಆದರೆ ತುಂಬಿದ ಬಾಯಲ್ಲಿ ಮಾತಾಡಬಾರದು ಅಂತ ಬಸವನಗುಡಿಯಲ್ಲಿ ನಮ್ಮಮ್ಮ ಕಲಿಸಿದ್ದು ಅಷ್ಟು ಬೇಗ ಹೋಗುವುದಿಲ್ಲ. ನಾನು ನುಂಗಿ ಮುಗಿಸುವಷ್ಟರಲ್ಲಿ ಅವರು ಮೇಜಿನ ಮೇಲೆ ಮರದ ಸುತ್ತಿಗೆ ಬಡಿದಾಗಿತ್ತು.

ಅಧ್ಯಕ್ಷರು ನಿವೃತ್ತರು. ಕೆಲಸದಲ್ಲಿದ್ದಾಗ ಜನರನ್ನು ಕಾರಿನಲ್ಲಿ ಕೂರಿಸಿಕೊಂಡು ಲೈಸೆನ್ಸಿಗೆ ಪರೀಕ್ಷೆ ಮಾಡುತ್ತಿದ್ದವರು. ಈಗಲೂ ಎದುರಿಗಿದ್ದವರು ಕನ್ನಡಿ ನೋಡಿದರೋ ಇಲ್ಲವೋ ಅನ್ನುವ ಹಾಗೆಯೇ ನೋಡುತ್ತಾರೆ. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು ಎಲ್ಲಿ ಕೆಲಸ ಅಂತ ವಿಚಾರಿಸಿದರು. ಪಕ್ಕದ ಶಿಸ್ತಾದಲ್ಲಿ, ಮೊಬೈಲ್ ಟವರುಗಳ ಉಪಕರಣ ಮಾಡುವ ಕಂಪನಿಯಲ್ಲಿ ಅಂದೆ. ಅವರ ಮುಖ ಅರಳಿತು. ಹಾಗಾದರೆ ತಂತಿ ಇಲ್ಲದ ನೆಟ್‌ವರ್ಕು ನಿಮಗೆ ಗೊತ್ತು ಅಂದರು. ಆ ಕಂಪನಿಯಲ್ಲಿ ನನ್ನ ಕೆಲಸ ಟವರಿನ ಪೆಟ್ಟಿಗೆಯೊಳಗಿನ ಫ್ಯಾನು ಎಷ್ಟು ಸದ್ದು ಮಾಡುತ್ತದೆ ಅಂತ ಅಳೆಯುವುದು. ಹಾಗಂತ ಹೇಳಿದೆ ಕೂಡ. ನನ್ನ ಸ್ವೀಡಿಷ್‌ನಲ್ಲಿ ಅದು ಹೇಗೆ ಕೇಳಿಸಿತೋ, ಅವರು ಬಹಳ ಗೌರವದಿಂದ ತಲೆ ಆಡಿಸಿದರು.

ಆಗ ನನಗೆ ಆ ಕಂಪ್ಯೂಟರಿನ ಪರಿಚಯವಾಯಿತು.

ನಮ್ಮ ಕಟ್ಟಡದ ಬಾಗಿಲುಗಳಿಗೆ ಬೀಗದಕೈ ಇಲ್ಲ. ನೀಲಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಇದೆ, ಅದನ್ನು ತೋರಿಸಿದರೆ ಬಾಗಿಲು ತೆರೆಯುತ್ತದೆ. ಯಾರಾದರೂ ಬಿಲ್ಲೆ ಕಳೆದುಕೊಂಡರೆ ಹೊಸದನ್ನು ಮಾಡಿಕೊಡಬೇಕು. ಆ ಕೆಲಸದ ಪ್ರೋಗ್ರಾಮು ಬರೆದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಆ ಪ್ರೋಗ್ರಾಮು ಓಡುವುದು ಒಂದೇ ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ; ಹೊಸ ಬಿಲ್ಲೆಯ ಸುದ್ದಿ ಅಲ್ಲಿಂದ ನೆಟ್‌ವರ್ಕಿನ ಮೂಲಕ ಬಾಗಿಲುಗಳಿಗೆ ಹೋಗಬೇಕು. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಹಲ್ಲಿನ ಹಾಗೆ ಹಳದಿಗಟ್ಟಿದ ಬಣ್ಣ. ಅದು ಆನ್ ಆಗುವಾಗ ಹೊರಡುವ ಸದ್ದು ಕೇಳಿ ವೃತ್ತಿಯ ಕಣ್ಣಿನಿಂದ, ಅಂದರೆ ಕಿವಿಯಿಂದ, ನನಗೆ ಅದರ ಬಗ್ಗೆ ಮರುಕ ಹುಟ್ಟಿತು. ಅದನ್ನು ಇಟ್ಟಿದ್ದು ನೆಲಮಾಳಿಗೆಯಲ್ಲಿ, ಬಾಂಬ್ ಶೆಲ್ಟರಿನೊಳಗೆ.

ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಇದೇನೂ ಹೊಸದಲ್ಲ. ಯುದ್ಧವಾದರೆ ಕೆಳಗಿಳಿದು ಕೂರಲಿ ಅಂತ ದಪ್ಪ ಕಾಂಕ್ರೀಟಿನ ಕೋಣೆ, ಅದಕ್ಕೆ ಉಕ್ಕಿನ ಬಾಗಿಲು. ಶಾಂತಿಕಾಲದಲ್ಲಿ ಸೈಕಲ್ಲು, ಸ್ಕೀ, ಹಳೇ ಸೋಫಾ ಇಡಲು ಬಳಸುತ್ತಾರೆ. ನಮ್ಮ ಸಂಘ ಅದರ ಒಂದು ಮೂಲೆಯನ್ನು ಆಫೀಸು ಮಾಡಿಕೊಂಡಿತ್ತು. ಇಂಟರ್ನೆಟ್ಟಿನ ಪೆಟ್ಟಿಗೆ ಇದ್ದದ್ದು ನೆಲಮಹಡಿಯ ಮೆಟ್ಟಿಲ ಕೆಳಗೆ. ಅಲ್ಲಿಂದ ಒಂದು ಬೂದು ಬಣ್ಣದ ಕೇಬಲ್ಲು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಉಕ್ಕಿನ ಬಾಗಿಲ ಹೊಸ್ತಿಲು ದಾಟಿ, ಕಂಪ್ಯೂಟರಿಗೆ ಸೇರುತ್ತಿತ್ತು. ಕೇಬಲ್ಲು ಇರುವವರೆಗೆ ಬಾಗಿಲು ಮುಚ್ಚುವ ಹಾಗಿಲ್ಲ. ಶೆಲ್ಟರಿನ ಗೋಡೆಗೆ ತೂತು ಕೊರೆಯುವುದಕ್ಕೆ ಕಾನೂನಿನ ಅಡ್ಡಿ. ಹಾಗಾಗಿ ವರ್ಷಾನುಗಟ್ಟಲೆ ಆ ಬಾಗಿಲು ತೆರೆದೇ ಇತ್ತು, ಒಂದು ಪೇಂಟ್ ಡಬ್ಬಿಗೆ ಒರಗಿಕೊಂಡು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ಸರ್ಕಾರ ಮನೆಮನೆಗೂ ಒಂದು ಪುಸ್ತಿಕೆ ಕಳಿಸಿತು. ಯುದ್ಧ ಬಂದರೆ ಏನು ಮಾಡಬೇಕು, ಎಷ್ಟು ನೀರು ಇಟ್ಟುಕೊಳ್ಳಬೇಕು, ಇಂಥವು. ನಾವೂ ಓದಿ ಫ್ರಿಜ್ಜಿನ ಮೇಲೆ ಇಟ್ಟೆವು. ಆದರೆ ನೆಲಮಹಡಿಯ ಅಜ್ಜಿ ಅದನ್ನು ಓದಿ ನೇರ ಕೆಳಗೆ ಹೋಗಿ ಬಾಗಿಲನ್ನು ನೋಡಿಬಂದರು.

ಈ ಅಜ್ಜಿ ಒಬ್ಬರೇ ಇದ್ದರು. ಮೊದಲು ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರಂತೆ. ದನಿ ಈಗಲೂ ಕೊಳದ ಆ ದಡಕ್ಕೆ ಕೇಳುವ ಹಾಗಿತ್ತು. ಅವರೂ ಕಮಿಟಿಯಲ್ಲಿದ್ದರು. ಸ್ವೀಡಿಷ್‌ನಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ. ಆದರೆ ಆಕೆಯ ಮಾತನ್ನು ಕನ್ನಡದಲ್ಲಿ ಬರೆಯಹೊರಟರೆ ನನ್ನ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ಯುದ್ಧ ಬಂದರೆ ಬಾಗಿಲು ಮುಚ್ಚಬೇಕು, ಈಗ ಅದು ಮುಚ್ಚುವುದಿಲ್ಲ ಅಂದರು.

ಅಧ್ಯಕ್ಷರು, ಯುದ್ಧ ಬಂದಾಗ ಕೇಬಲ್ ಕಿತ್ತರಾಯಿತು ಅಂದರು.

"ಯಾರು ಕೀಳುತ್ತಾರೆ?" ಅಂತ ಅಜ್ಜಿ ಕೇಳಿದರು. "ಅದು ತೀರ್ಮಾನ ಆಗಿದೆಯಾ?"

ಆಗಿರಲಿಲ್ಲ. ಇಲ್ಲಿ ತೀರ್ಮಾನ ಆಗದ ವಿಷಯ ಅಂದರೆ ಮುಚ್ಚದ ಬಾಗಿಲಿಗಿಂತ ಅಪಾಯ. ಬಹಳ ಹೊತ್ತು ಚರ್ಚೆಯಾಯಿತು. ಯಾರ ಮನೆ ಕೆಳಗಿದೆ, ಯಾರ ಮಂಡಿ ಗಟ್ಟಿ ಇದೆ, ಯಾರಿಗೆ ನೆಟ್‌ವರ್ಕ್ ತಿಳಿದಿದೆ ಎಂದೆಲ್ಲ ತೂಗಿ, ಯುದ್ಧ ಸಂದರ್ಭದಲ್ಲಿ ಕೇಬಲ್ ಕೀಳುವ ಜವಾಬ್ದಾರಿಯನ್ನು ನನಗೆ ವಹಿಸಲಾಯಿತು. ಈ ಸಲ ನನ್ನ ಬಾಯಲ್ಲಿ ಏನೂ ಇರಲಿಲ್ಲ. ಬೇಡ ಅನ್ನಬಹುದಿತ್ತು. ಆದರೆ ಇಷ್ಟು ವರ್ಷ ವರ್ಕ್ ಪರ್ಮಿಟ್ಟಿನ ಮೇಲೆ ಬದುಕಿದವಳಿಗೆ ಒಂದು ದೇಶ ತಾನಾಗಿ ಯುದ್ಧದ ಜವಾಬ್ದಾರಿ ಕೊಡುವಾಗ ಬೇಡ ಅನ್ನಲು ಸಂಕೋಚವಾಯಿತು.

ಮನೆಗೆ ಬಂದು ಹೇಳಿದೆ. ಗಂಡ ಉಪ್ಸಾಲಾದಲ್ಲಿ ಔಷಧದ ಕಂಪನಿಯಲ್ಲಿದ್ದಾನೆ. ಯಾವುದಕ್ಕೂ ಬೇಗ ನಗುವವನಲ್ಲ. ಚಪಾತಿ ಲಟ್ಟಿಸುತ್ತಲೇ ಕೇಳಿಸಿಕೊಂಡ. ಆಮೇಲೆ, "ಜುಲೈನಲ್ಲಿ ಬೆಂಗಳೂರಿಗೆ ಹೋಗ್ತೀವಲ್ಲ, ಆಗ ಯಾರು ಕೀಳ್ತಾರೆ?" ಅಂದ.

ತಮಾಷೆಗೆ ಅಂದದ್ದು. ಆದರೆ ಜೂನ್ ತಿಂಗಳ ಸಭೆಯಲ್ಲಿ ಅಧ್ಯಕ್ಷರು ಅದನ್ನೇ ಗಂಭೀರವಾಗಿ ಕೇಳಿದರು. ನನ್ನ ರಜೆಗೆ ಬದಲಿಯಾಗಿ ಅಜ್ಜಿಯನ್ನು ನೇಮಿಸಲಾಯಿತು. ಹೊರಡುವ ಮುಂಚೆ ನಾನು ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ಕೇಬಲ್ಲಿನ ತುದಿಯ ಸಣ್ಣ ಕಿವಿಯನ್ನು ಒತ್ತಿ ಎಳೆಯುವುದು ಹೇಗೆ ಅಂತ ತೋರಿಸಿಕೊಟ್ಟೆ. ಅವರು ಮೂರ್ನಾಲ್ಕು ಸಲ ಅಭ್ಯಾಸ ಮಾಡಿದರು. ಅತ್ತೆ ಮನೆಯ ಗೃಹಪ್ರವೇಶದಲ್ಲಿ ಹೋಮದ ಹೊಗೆಯ ನಡುವೆ ಕೂತಿದ್ದಾಗ ನನ್ನ ಫೋನಿಗೆ ಅವರ ಸಂದೇಶ ಬಂತು: ಇಲ್ಲಿ ಎಲ್ಲ ಶಾಂತವಾಗಿದೆ, ಕೇಬಲ್ ಜಾಗದಲ್ಲೇ ಇದೆ.

ವಾಪಸು ಬಂದ ಮೇಲೆ ನಾನೇ ಹೇಳಿದೆ, ಇದೆಲ್ಲ ಯಾಕೆ, ಆ ಕಂಪ್ಯೂಟರಿಗೆ ಒಂದು ವೈಫೈ ಅಡಾಪ್ಟರ್ ಚುಚ್ಚಿದರೆ ಕೇಬಲ್ಲೇ ಬೇಕಿಲ್ಲ ಅಂತ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಪೆನ್‌ಡ್ರೈವಿನ ಹಾಗೆ ಹಿಂದೆ ಸಿಕ್ಕಿಸುವುದು. ಒಂದು ನಿಮಿಷದ ಕೆಲಸ. ಎಲ್ಲರೂ ಒಪ್ಪಿದರು. ಒಪ್ಪಿಗೆಯ ಮೇಲೆ ಒಪ್ಪಿಗೆ ಬೀಳುವಷ್ಟರಲ್ಲಿ ಹೊರಗೆ ಮರಗಳ ಎಲೆಗಳು ಪೂರ್ತಿ ಉದುರಿಹೋಗಿದ್ದವು.

ಒಂದು ಶನಿವಾರ ಬೆಳಿಗ್ಗೆ ಮುಹೂರ್ತ ಇಟ್ಟುಕೊಂಡೆವು. ನಾನು, ಅಧ್ಯಕ್ಷರು, ಅಜ್ಜಿ. ಗಂಡನನ್ನೂ ಕರೆದುಕೊಂಡು ಹೋಗಿದ್ದೆ, ಮೇಲೆ ಇಂಟರ್ನೆಟ್ ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ ನೋಡಿ ಹೇಳಲು ಒಬ್ಬರು ಬೇಕಿತ್ತು. ಅಜ್ಜಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

ಅಡಾಪ್ಟರ್ ಚುಚ್ಚಿದೆ. ಕಂಪ್ಯೂಟರಿಗೆ ಅದು ಯಾರೆಂದೇ ಗೊತ್ತಾಗಲಿಲ್ಲ. ಹಳೇ ಕಾಲದ ಯಂತ್ರ. ಹೊಸ ಸಾಮಾನು ಬಂದರೆ ಅದರ ಪರಿಚಯ ಮಾಡಿಸುವ ಡ್ರೈವರ್ ಹಾಕಬೇಕು. ಡ್ರೈವರ್ ಅಂದ ತಕ್ಷಣ ಅಧ್ಯಕ್ಷರು ಹುಷಾರಾದರು. ಅದು ಅಡಾಪ್ಟರಿನ ಡಬ್ಬಿಯಲ್ಲಿದ್ದ ಸೀಡಿಯಲ್ಲಿತ್ತು. ಸೀಡಿಯ ತಟ್ಟೆ ಹೊರಗೆ ಬರಲೊಲ್ಲದು. ನನ್ನ ಪರ್ಸಿನಲ್ಲಿ ಸದಾ ಇರುವ ಸೇಫ್ಟಿ ಪಿನ್ನು ತೆಗೆದು, ಅದರ ಸಣ್ಣ ತೂತಿಗೆ ಚುಚ್ಚಿದಾಗ ತಟ್ಟೆ ನಾಲಿಗೆ ಚಾಚಿತು. ಅದರಲ್ಲಿ ಆಗಲೇ ಒಂದು ಸೀಡಿ ಇತ್ತು, ಅಕಾರ್ಡಿಯನ್ ನೃತ್ಯಸಂಗೀತದ್ದು. ಎಂದೋ ತೀರಿಕೊಂಡ ಹಳೆಯ ಕಾರ್ಯದರ್ಶಿಯದ್ದಿರಬೇಕು ಅಂತ ಅಜ್ಜಿ ಹೇಳಿದರು. ಅಧ್ಯಕ್ಷರು ಅದನ್ನು ಎರಡು ಕೈಯಲ್ಲಿ ಹಿಡಿದು ಕಪಾಟಿನಲ್ಲಿಟ್ಟರು.

ನಮ್ಮ ಸೀಡಿ ಹಾಕಿದರೆ ತಟ್ಟೆ ಒಳಗೆ ಹೋಯಿತು, ಓದಲಿಲ್ಲ. ಕೊನೆಗೆ ಡ್ರೈವರನ್ನು ಇಂಟರ್ನೆಟ್ಟಿನಿಂದ ಇಳಿಸಿದೆ. ಇಂಟರ್ನೆಟ್ಟು ಬಂದದ್ದು ಆ ಬೂದು ಕೇಬಲ್ಲಿನಿಂದಲೇ. ತನ್ನನ್ನು ಕಿತ್ತೊಗೆಯುವ ಕೆಲಸಕ್ಕೆ ಅದು ತಾನೇ ದುಡಿಯಿತು, ಮನೆಯ ಹಿರಿಯರ ಹಾಗೆ.

ವೈಫೈ ಬಂತು. ಪರದೆಯ ಮೂಲೆಯಲ್ಲಿ ನಾಲ್ಕು ಗೆರೆ ತುಂಬಿ ನಿಂತವು. ನಾನು ವಿಧ್ಯುಕ್ತವಾಗಿ ಕೇಬಲ್ ಕಿತ್ತೆ. ಅಜ್ಜಿ ಅದನ್ನು ಸುತ್ತಿ ಬಾಗಿಲಾಚೆ ಇಟ್ಟು ಬಂದರು. ಅಧ್ಯಕ್ಷರು ಒಂದು ಬಿಲ್ಲೆ ಮಾಡಿ ನೋಡಿದರು, ಆಯಿತು. ಗಂಡ ಮೇಲಿನಿಂದ ದೀಪ ಉರೀತಿದೆ ಅಂತ ಕೂಗಿದ. ಇನ್ನು ಬಾಗಿಲು ಮುಚ್ಚುವುದೊಂದೇ ಬಾಕಿ. ಪರೀಕ್ಷೆ ಅಂದ ಮೇಲೆ ಪೂರ್ತಿ ಪರೀಕ್ಷೆ ಅಂತ ಅಧ್ಯಕ್ಷರು ಪೇಂಟ್ ಡಬ್ಬಿ ಸರಿಸಿ, ಆ ಭಾರದ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು, ಉದ್ದನೆಯ ಉಕ್ಕಿನ ಹಿಡಿಯನ್ನು ಕೆಳಕ್ಕೆ ಒತ್ತಿದರು. ಹೊರಗಿನ ಸದ್ದೆಲ್ಲ ಒಮ್ಮೆಗೇ ನಿಂತಿತು.

ನಾನು ಪರದೆ ನೋಡಿದೆ. ನಾಲ್ಕು ಗೆರೆಗಳೂ ಹೋಗಿದ್ದವು.

ಹೊರಗಿನಿಂದ ಏನೂ ಒಳಗೆ ಬರಬಾರದು ಅಂತಲೇ ಕಟ್ಟಿದ ಕೋಣೆ ಅದು. ಬಾಂಬು ತಡೆಯುವ ಗೋಡೆ ವೈಫೈಯನ್ನು ಯಾಕೆ ಬಿಟ್ಟೀತು? ಇಷ್ಟು ತಿಂಗಳು ಇದನ್ನು ಮಾತಾಡಿದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅಧ್ಯಕ್ಷರು ನನ್ನ ಮುಖ ನೋಡಿದರು, ರಿವರ್ಸ್ ತೆಗೆಯುವಾಗ ಕಂಬಕ್ಕೆ ಗುದ್ದಿದವಳನ್ನು ನೋಡುವ ಹಾಗೆ. ನಾನು ಸ್ವೀಡಿಷ್‌ನಲ್ಲಿ ಕಾಂಕ್ರೀಟು ಅಂದೆ. ಅವರೂ ಕಾಂಕ್ರೀಟು ಅಂದರು.

ಸರಿ, ಬಾಗಿಲು ತೆಗೆಯೋಣ ಅಂತ ಅವರು ಹಿಡಿಯನ್ನು ಮೇಲಕ್ಕೆ ಎತ್ತಿದರು. ಅದು ಅಲುಗಲಿಲ್ಲ.

ನಾನೂ ಕೈ ಕೊಟ್ಟೆ. ಇಬ್ಬರೂ ಸೇರಿ ಎತ್ತಿದೆವು. ವರ್ಷಾನುಗಟ್ಟಲೆ ತೆರೆದೇ ಇದ್ದ ಬಾಗಿಲು, ಒಮ್ಮೆ ಮುಚ್ಚಿಕೊಂಡ ಮೇಲೆ ಬಿಡಲು ಅದಕ್ಕೆ ಮನಸ್ಸಿರಲಿಲ್ಲ. ಫೋನ್ ತೆಗೆದೆ, ಸಿಗ್ನಲ್ ಇಲ್ಲ. ಗಂಡನ ಹೆಸರು ಹಿಡಿದು ಕೂಗಿದೆ. ನನ್ನ ದನಿ ನನಗೇ ವಾಪಸು ಬಂತು. ಅಜ್ಜಿ ತಮ್ಮ ಈಜುಕೊಳದ ದನಿಯಲ್ಲಿ ಕೂಗಿದರು. ಕಿವಿ ಗುಂಯ್ ಅಂದದ್ದು ನಮಗೆ ಮಾತ್ರ. ಕೇಬಲ್ ಇದ್ದಿದ್ದರೆ ಯಾರಿಗಾದರೂ ಒಂದು ಮೇಲ್ ಹಾಕಬಹುದಿತ್ತು. ಆದರೆ ಕೇಬಲ್ ಇದ್ದಿದ್ದರೆ ಬಾಗಿಲೇ ಮುಚ್ಚುತ್ತಿರಲಿಲ್ಲ.

ಇನ್ನೊಂದು ದಾರಿ ಇದೆ ಅಂದರು ಅಜ್ಜಿ. ಎಲ್ಲ ಶೆಲ್ಟರಿಗೂ ತುರ್ತಿಗೆ ಅಂತ ಒಂದು ಕಿಂಡಿ ಇರುತ್ತದಂತೆ, ತೆವಳಿಕೊಂಡು ಹೋದರೆ ಹೊರಗಿನ ಹುಲ್ಲಿನ ಮೇಲೆ ಏಳಬಹುದು. ಹಳೇ ಸೋಫಾ ಸರಿಸಿ ನೋಡಿದೆವು, ಕಿಂಡಿ ಇತ್ತು. ಅಧ್ಯಕ್ಷರು ಮಾತ್ರ ಹತ್ತಿರ ಬರಲಿಲ್ಲ. ನಿಧಾನವಾಗಿ, ಅದರ ಮೇಲಿನ ಮುಚ್ಚಳ ಇರುವಲ್ಲೇ ಹೋದ ವರ್ಷ ಹೊಸ ಸೈಕಲ್ ಸ್ಟ್ಯಾಂಡ್ ಹಾಕಿಸಿದ್ದೇವೆ ಅಂದರು. ಅಜ್ಜಿ ಅವರನ್ನು ಬಹಳ ಹೊತ್ತು ನೋಡಿದರು. ಪರೀಕ್ಷಕರು ಪರೀಕ್ಷೆಗೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನಗೆ ಹೆದರಿಕೆ ಶುರುವಾದದ್ದು ಆಗ. ಗಾಳಿ ಇದೆಯಾ, ಎಷ್ಟು ಹೊತ್ತಿಗೆ ಸಾಕು, ಒಲೆಯ ಮೇಲೆ ಬೇಳೆ ಇಟ್ಟು ಬಂದೆನಾ ಅಂತೆಲ್ಲ ಒಟ್ಟಿಗೆ ನುಗ್ಗಿತು. ನನ್ನ ಹೆದರಿಕೆಯನ್ನು ಅಜ್ಜಿ ಗಮನಿಸಿರಬೇಕು. ಬನ್ನಿ ಅಂತ ನನ್ನನ್ನು ಕೋಣೆಯ ಹಿಂಭಾಗಕ್ಕೆ, ತಮ್ಮ ಸಾಮಾನು ಇಡುವ ಜಾಲರಿ ಗೂಡಿನ ಹತ್ತಿರ ಕರೆದುಕೊಂಡು ಹೋಗಿ, ಬೀಗ ತೆಗೆದರು.

ಒಳಗೆ ನೀರಿನ ಕ್ಯಾನುಗಳು, ಗಟ್ಟಿ ರೊಟ್ಟಿಯ ಪೊಟ್ಟಣಗಳು, ಮೀನಿನ ಡಬ್ಬಿಗಳು, ಮಡಿಸಿಟ್ಟ ಉಣ್ಣೆ ಕಂಬಳಿಗಳು, ಮಕ್ಕಳ ಚಿತ್ರಪುಸ್ತಕಗಳು, ಬಟ್ಟಲುಗಳ ಒಂದು ಗೋಪುರ. ಒಬ್ಬರಿಗೆ ಬೇಕಾಗುವಷ್ಟಲ್ಲ. ಇಡೀ ಕಟ್ಟಡಕ್ಕೆ ಸಾಲುವಷ್ಟು.

"ಇದೆಲ್ಲ ಯಾರಿಗೆ?" ಅಂತ ಕೇಳಿದೆ.

"ಎಲ್ಲರೂ ಕೆಳಗೆ ಬರುತ್ತೀರಲ್ಲ," ಅಂದರು. "ಬಂದವರಿಗೆ ಯಾರಾದರೂ ಕಾಫಿ ಕೊಡಬೇಕಲ್ಲ."

ಸಂಭ್ರಮ ಅನ್ನುವ ಪದ ಅಲ್ಲಿ ಬಳಸಬಾರದೇನೋ. ಆದರೆ ಅವರ ಮುಖದಲ್ಲಿ ಇದ್ದದ್ದು ಅದೇ. ನಮ್ಮಿಬ್ಬರನ್ನೂ ಸೋಫಾದಲ್ಲಿ ಕೂರಿಸಿ, ತೊಡೆಯ ಮೇಲೆ ಕಂಬಳಿ ಹೊದಿಸಿ, ಫ್ಲಾಸ್ಕಿನ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿದರು. ರೊಟ್ಟಿ ಮುರಿದು ಕೊಟ್ಟರು. ಮೀನು ತಿನ್ನದ ನನಗೆ ಅಂತ ಜಾಮಿನ ಬಾಟಲಿ ಹುಡುಕಿದರು. ನಾನು ತಿನ್ನುವುದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತೋ, ನಾನಂತೂ ಹೇಳಿರಲಿಲ್ಲ. ಹಳೇ ಕಂಪ್ಯೂಟರು ಮೂಲೆಯಲ್ಲಿ ಗೊರಗೊರ ಅನ್ನುತ್ತ ಕೋಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿತ್ತು.

ಕಾಫಿ ಕುಡಿದ ಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಕಮಿಟಿಯ ಮೂವರು ಹಾಜರಿದ್ದೇವೆ, ಕೋರಂ ಇದೆ, ಬೇಕಾದರೆ ಸಭೆ ನಡೆಸಬಹುದು ಅಂದರು. ಬೇರೆ ಕೆಲಸವೂ ಇರಲಿಲ್ಲ. ನಡೆಸಿದೆವು. ಸೈಕಲ್ ಸ್ಟ್ಯಾಂಡನ್ನು ತೆಗೆಸುವುದು ಅಂತ ಮೊದಲ ತೀರ್ಮಾನ, ಅಜ್ಜಿ ಮಂಡಿಸಿದ್ದು. ಎರಡನೆಯದು ಕಂಪ್ಯೂಟರಿನದು. ಬಾಗಿಲು ತೆರೆದಿದ್ದರೆ ವೈಫೈ ಇದೆ, ಮುಚ್ಚಿದರೆ ಇಲ್ಲ. ಬಾಗಿಲು ತೆರೆದೇ ಇಡುವುದಾದರೆ ಕೇಬಲ್ಲೇ ಸಾಕಿತ್ತು ಅಂತ ನಾನು ಒಪ್ಪಿಕೊಂಡೆ. ಹಾಗಾದರೆ ಕಂಪ್ಯೂಟರೇ ಹೊರಗೆ ಬರಲಿ ಅಂದರು ಅಜ್ಜಿ. ಎಲ್ಲಿಗೆ? ಅವರ ಮನೆಯ ಹಜಾರಕ್ಕೆ. ಅಲ್ಲಿ ಒಂದು ಮೇಜು ಖಾಲಿ ಇದೆ. ವಿರೋಧ ಯಾರದ್ದೂ ಇರಲಿಲ್ಲ. ಅಧ್ಯಕ್ಷರು ಸುತ್ತಿಗೆ ಇಲ್ಲದ್ದಕ್ಕೆ ಮೀನಿನ ಡಬ್ಬಿಯನ್ನು ಸೋಫಾದ ಕೈಗೆ ಕುಟ್ಟಿದರು.

ಅಷ್ಟರಲ್ಲಿ ಬಾಗಿಲ ಮೇಲೆ ಯಾರೋ ಬಡಿದರು. ನಾವು ಮೂವರೂ ಓಡಿ ಹಿಡಿಗೆ ಕೈ ಹಚ್ಚಿದೆವು. ಹೊರಗಿನಿಂದ ಬಡಿದವರು ಎತ್ತಿದರು, ಒಳಗಿನಿಂದ ನಾವು ಎತ್ತಿದೆವು. ದೊಡ್ಡದೊಂದು ಉಸಿರು ಬಿಟ್ಟು ಬಾಗಿಲು ತೆರೆಯಿತು. ಗಂಡ ಕೈಯಲ್ಲಿ ಸೌಟು ಹಿಡಿದು ನಿಂತಿದ್ದ. ಬಾಗಿಲು ಮುಚ್ಚಿದ್ದು ನೋಡಿ ಒಳಗೆ ಮೀಟಿಂಗ್ ಅಂದುಕೊಂಡು ಮನೆಗೆ ಹೋಗಿ ಅಡುಗೆ ಮುಗಿಸಿದ್ದನಂತೆ. ಇವರ ಮೀಟಿಂಗು ಯಾವತ್ತು ಬೇಗ ಮುಗಿದಿದೆ ಅಂತ ಅವನ ವಾದ. ಸಾರು ಆರುತ್ತೆ ಅಂತ ಕರೆಯಲು ಬಂದವನು.

ಕಂಬಳಿ ಹೊದ್ದು, ತುಟಿಗೆ ಜಾಮು ಮೆತ್ತಿಕೊಂಡಿದ್ದ ನನ್ನನ್ನು ನೋಡಿದ. "ಏನಾಯ್ತೇ?" ಅಂದ.

"ವೈಫೈ ಬರಲಿಲ್ಲ," ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ಅಳುವಿನ ಮಧ್ಯೆ ನಗು ಬಂತು. ಅಜ್ಜಿ ಅವನಿಗೂ ಒಂದು ಬಟ್ಟಲು ಕಾಫಿ ಕೊಟ್ಟರು.

ಮುಂದಿನ ವಾರ ಕಂಪ್ಯೂಟರನ್ನು ಹೊತ್ತು ಅಜ್ಜಿಯ ಹಜಾರಕ್ಕೆ ತಂದೆವು. ಮೆಟ್ಟಿಲ ಕೆಳಗಿನ ಇಂಟರ್ನೆಟ್ ಪೆಟ್ಟಿಗೆ ಇದ್ದದ್ದು ಅವರ ಹಜಾರದ ಗೋಡೆಯ ಆಚೆ ಬದಿಗೆ. ಕೇಬಲ್ ಹಾಕುವುದಾದರೆ ಒಂದು ಮೊಳ ಸಾಕಾಗುತ್ತಿತ್ತು. ನಾನು ಅದನ್ನು ಹೇಳಿದೆ ಕೂಡ. ಆದರೆ ವೈಫೈ ಅಂತ ತೀರ್ಮಾನ ಆಗಿಹೋಗಿದೆ ಅಂದರು ಅಧ್ಯಕ್ಷರು. ಅಜ್ಜಿ ಕಂಪ್ಯೂಟರಿನ ಮೇಲೆ ಒಂದು ಕಸೂತಿ ಬಟ್ಟೆ ಹಾಸಿ ಹೂಕುಂಡ ಇಟ್ಟರು. ಫ್ಯಾನಿನ ಸದ್ದು ಹೆಚ್ಚಾಯಿತು, ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಶೆಲ್ಟರಿನ ಬಾಗಿಲಿನ ಹಿಡಿಗೆ ಎಣ್ಣೆ ಬಿತ್ತು. ಈಗ ಅದು ಮುಚ್ಚುತ್ತದೆ, ತೆರೆಯುತ್ತದೆ. ಬಿಲ್ಲೆ ಮಾಡುವ ಕೆಲಸ ಅಜ್ಜಿಯೇ ಕಲಿತುಕೊಂಡರು.

ಚಳಿ ಮುಗಿಯುವ ಹೊತ್ತಿಗೆ ಮೂರನೇ ಮಹಡಿಗೆ ಬೆಂಗಳೂರಿನಿಂದ ಒಂದು ಹೊಸ ಜೋಡಿ ಬಂತು. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಸ್ವೀಡಿಷ್ ಬಾರದು. ಬಿಲ್ಲೆ ಕೊಡಿಸಲು ನಾನೇ ಅವರನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಅಜ್ಜಿ ಕಾಫಿ ಕೊಟ್ಟು, ಎದುರು ಕೂತು, ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಹೇಳಿದರು. ಯುದ್ಧ ಬಂದು ಎಲ್ಲರೂ ಕೆಳಗಿಳಿಯಬೇಕಾದರೆ ಇವರು ಏನು ತರುತ್ತಾರೆ, ಕೇಳಿ.

ಕೇಳಿದೆ. ಹುಡುಗ ಗಾಬರಿಯಿಂದ ನನ್ನನ್ನು ನೋಡಿದ. ಹುಡುಗಿ ಮೆಲ್ಲಗೆ, "ಅಕ್ಕಾ, ಇಲ್ಲಿ ಮನೆಗೆ ಬಂದವರಿಗೆಲ್ಲ ಇದನ್ನ ಕೇಳ್ತಾರಾ?" ಅಂದಳು.

ಹೌದು, ಕೇಳ್ತಾರೆ ಅಂದೆ.

ಅವಳು ಬಟ್ಟಲು ಕೆಳಗಿಟ್ಟು ನಿಜವಾಗಿಯೂ ಯೋಚನೆ ಮಾಡಿದಳು. "ಅವಲಕ್ಕಿ," ಅಂದಳು. "ನೀರು ಹಾಕಿದ್ರೆ ಸಾಕು, ಒಲೆ ಬೇಡ. ಬೇಕಿದ್ರೆ ಬೆಲ್ಲ."

ಅದನ್ನು ಸ್ವೀಡಿಷ್‌ಗೆ ತಂದೆ. ಚಪ್ಪಟೆ ಮಾಡಿದ ಅಕ್ಕಿ, ಬೇಯಿಸುವುದೇ ಬೇಡ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿ, ಹೂಕುಂಡ ಸರಿಸಿ, ಬಿಲ್ಲೆ ಮಾಡಲು ಕಂಪ್ಯೂಟರಿನ ಕಡೆ ತಿರುಗಿದರು.